ಎರಡೂವರೆ ತಿಂಗಳ ಮೊಲದ ಮರಿ, ಮಳೆಗಾಲ, ಕಾವಿ ನೆಲ: ಒಂದೇ ಜಾಗದಲ್ಲಿ ಉಚ್ಚೆ ಮಾಡುವುದನ್ನು ಕಲಿಸುವುದು ಹೇಗೆ?

ದುರ್ಗಿಗುಡಿಯ ಅಮ್ಮ · ಜುಲೈ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ, ದುರ್ಗಿಗುಡಿ ಹತ್ತಿರ ಹಳೇ ಮನೆ. ಮೂರು ವಾರದ ಹಿಂದೆ ಮಗಳಿಗೆ ಒಂದು ಬಿಳಿ ಮೊಲದ ಮರಿ ತಂದೆವು. ಈಗ ಅದಕ್ಕೆ ಎರಡೂವರೆ ತಿಂಗಳು. ಮಗಳು ಬತ್ತಾಸು ಎಂದು ಹೆಸರಿಟ್ಟಿದ್ದಾಳೆ. ಗಂಡೋ ಹೆಣ್ಣೋ ಇನ್ನೂ ಸರಿಯಾಗಿ ತಿಳಿದಿಲ್ಲ. ಅಂಗಡಿಯವರು ಹೆಣ್ಣು ಎಂದಿದ್ದರು.

ಸಮಸ್ಯೆ ಏನೆಂದರೆ ಉಚ್ಚೆ. ಬಚ್ಚಲಮನೆ ಬಾಗಿಲ ಹತ್ತಿರ ಪ್ಲಾಸ್ಟಿಕ್ ಟ್ರೇಯಲ್ಲಿ ಸಾ ಮಿಲ್ಲಿನ ಹೊಟ್ಟು ಹಾಕಿ ಇಟ್ಟಿದ್ದೇನೆ. ಅದು ಟ್ರೇಯಲ್ಲಿ ಆರಾಮಾಗಿ ಮಲಗುತ್ತದೆ, ಎದ್ದು ಬಂದು ನಡುಮನೆಯ ದಿವಾನದ ಕೆಳಗೆ ಉಚ್ಚೆ ಮಾಡುತ್ತದೆ. ಹಿಕ್ಕೆಯಂತೂ ಎಲ್ಲಾ ಕಡೆ. ನೆಲ ಕಾವಿಯದು, ಬಿಳಿ ಕಲೆ ಕೂತುಬಿಡುತ್ತಿದೆ. ಫಿನೈಲ್ ಹಾಕಿ ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದೇನೆ. ಈ ಮಳೆಯಲ್ಲಿ ಒರೆಸಿದ ನೆಲ ಒಣಗುವುದೂ ಇಲ್ಲ.

ನಮ್ಮ ಅತ್ತೆ ಮಡಿ ಮೈಲಿಗೆ ನೋಡುವವರು. ದಿವಾನದ ಪಕ್ಕವೇ ದೇವರ ಕೋಣೆ. "ಹಿತ್ತಿಲ ಕೋಳಿಗೂಡಿಗೆ ಹಾಕು, ಇಲ್ಲ ಯಾರಿಗಾದರೂ ಕೊಟ್ಟುಬಿಡು" ಎನ್ನುತ್ತಿದ್ದಾರೆ. ಹಿತ್ತಿಲಲ್ಲಿ ಬೆಕ್ಕು, ಮುಂಗುಸಿ ಎರಡೂ ಓಡಾಡುತ್ತವೆ. ಗೂಡಿನ ನೆಲವೂ ಒದ್ದೆ. ನನಗೆ ಮನಸ್ಸು ಬರುತ್ತಿಲ್ಲ.

ಇನ್ನೊಂದು ಹೇಳಲೇಬೇಕು. ಪರಿಚಯದವರೊಬ್ಬರು, ಉಚ್ಚೆ ಮಾಡಿದ ಜಾಗಕ್ಕೆ ಮೂಗು ತಿಕ್ಕಿ ಬೆನ್ನಿಗೆ ಒಂದು ಕೊಡಿ, ಕಲಿಯುತ್ತದೆ ಎಂದರು. ಹೋದ ವಾರ ಹಾಗೇ ಮಾಡಿದೆ. ಅವತ್ತಿನಿಂದ ನನ್ನ ಕಾಲಿನ ಸದ್ದು ಕೇಳಿದರೆ ಓಡಿ ಅಡಗುತ್ತದೆ. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ತುಂಬಾ ಬೇಜಾರಾಗಿದೆ. ತಿಳಿದವರು ದಯವಿಟ್ಟು ದಾರಿ ಹೇಳಿ.

ಸಾಗರದಿಂದ · ಜುಲೈ 6, ರಾತ್ರಿ 10:15

ಅಕ್ಕ, ಮೂರು ಪ್ರಶ್ನೆ. ದಿವಾನದ ಕೆಳಗೆ ಒಂದೇ ಮೂಲೆಯಲ್ಲಾ, ಬೇರೆ ಬೇರೆ ಕಡೆಯಾ? ಹುಲ್ಲು ಎಲ್ಲಿ ಹಾಕುತ್ತೀರಿ? ಮೊಲ ಇಡೀ ದಿನ ಮನೆಯಲ್ಲೆಲ್ಲಾ ಓಡಾಡುತ್ತದಾ?

ದುರ್ಗಿಗುಡಿಯ ಅಮ್ಮ · ಜುಲೈ 6, ರಾತ್ರಿ 10:22

ಹೆಚ್ಚಾಗಿ ಒಂದೇ ಮೂಲೆ, ಗೋಡೆ ಕಡೆ. ಹುಲ್ಲು ಅಡುಗೆಮನೆ ಹೊಸ್ತಿಲ ಹತ್ತಿರ ಬಟ್ಟಲಲ್ಲಿ, ಸ್ವಲ್ಪವೇ. ಜಾಸ್ತಿ ಕ್ಯಾರೆಟ್, ಸೌತೆಕಾಯಿ ಕೊಡುತ್ತೇವೆ. ಹೌದು, ಇಡೀ ಮನೆ ಅದರದ್ದೇ. ರಾತ್ರಿ ಮಾತ್ರ ಪಂಜರ. ಪಂಜರದ ತಳ ತಂತಿ ಜಾಲರಿ.

ತೀರ್ಥಹಳ್ಳಿ ತೋಟದಮನೆ · ಜುಲೈ 6, ರಾತ್ರಿ 11:05

ಅಮ್ಮಾ, ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಮೊಲ ಆಗಲೇ ಅರ್ಧ ಕಲಿತಿದೆ. ಒಂದೇ ಮೂಲೆ ಹಿಡಿದಿದೆ ಎಂದಿರಲ್ಲ, ಅದೇ ದೊಡ್ಡ ವಿಷಯ. ಟ್ರೇ ಎಲ್ಲಿರಬೇಕೆಂದು ನೀವು ಒಂದು ಜಾಗ ತೋರಿಸಿದಿರಿ, ಅದು ಇನ್ನೊಂದು ಜಾಗ ತೋರಿಸುತ್ತಿದೆ. ಈ ವಿಷಯದಲ್ಲಿ ಮೊಲದ ಮಾತು ಕೇಳಿದರೆ ಕೆಲಸ ಸುಲಭ.

ನಾನು ಹನ್ನೊಂದು ವರ್ಷದಿಂದ ಮೊಲ ಸಾಕುತ್ತಿದ್ದೇನೆ, ಎಲ್ಲವೂ ಮನೆಯೊಳಗೇ. ಸಾಕುಮೊಲದ ಮೂಲ ಯುರೋಪಿನ ಕಾಡುಮೊಲ. ಅದು ನೆಲದಡಿ ಬಿಲ ತೋಡಿ ಗುಂಪಾಗಿ ಬದುಕುವ ಪ್ರಾಣಿ. ತಮ್ಮ ಜಾಗದ ಗುರುತಿಗೆ ಕೆಲವು ಕಡೆ ಮಾತ್ರ ಹಿಕ್ಕೆ ಗುಡ್ಡೆ ಹಾಕುತ್ತವೆ. ಆ ಬುದ್ಧಿ ಹುಟ್ಟಿನಿಂದಲೇ ಬಂದಿದೆ. ನಾವು ಹೊಸದಾಗಿ ಏನೂ ಕಲಿಸಬೇಕಿಲ್ಲ, ಅಡ್ಡಿ ಮಾಡದಿದ್ದರೆ ಸಾಕು.

ನಾಳೆ ಬೆಳಿಗ್ಗೆ ಹೀಗೆ ಮಾಡಿ. ಇಡೀ ಮನೆ ಬಿಟ್ಟುಕೊಡಬೇಡಿ. ದಿವಾನದ ಆ ಮೂಲೆ ಒಳಗೆ ಬರುವ ಹಾಗೆ ಒಂದು ಚಾಪೆಯಷ್ಟು ಜಾಗಕ್ಕೆ ಬೇಲಿ ಕಟ್ಟಿ. ನಾವು ಅಡಿಕೆ ದಬ್ಬೆಯಲ್ಲಿ (ಸೀಳಿದ ಅಡಿಕೆ ಮರ) ಕಟ್ಟಿದ್ದೆವು. ಎರಡು ಹಲಗೆ ಅಡ್ಡ ಇಟ್ಟರೂ ಆದೀತು. ಟ್ರೇ ತಂದು ಅದೇ ಮೂಲೆಯಲ್ಲಿಡಿ. ಮೊಲ ಪೂರ್ತಿ ಒಳಗೆ ಕೂತು ತಿರುಗುವಷ್ಟು ದೊಡ್ಡದಿರಲಿ, ಬೆಳೆಯುವ ಮರಿ ಬೇರೆ. ಒಂದು ಬದಿ ತಗ್ಗಾಗಿರಲಿ, ಹತ್ತಲು. ಹಿಂದಿನ ಗೋಡೆ ಎತ್ತರ ಇರಲಿ. ಕೆಲವು ಮೊಲ ಬಾಲ ಎತ್ತಿ ಹಿಂದಕ್ಕೆ ಹಾರಿಸುತ್ತವೆ.

ಆ ಹೊಟ್ಟು ತೆಗೆದುಬಿಡಿ. ತಳಕ್ಕೆ ನಾಲ್ಕೈದು ಪದರ ನ್ಯೂಸ್ ಪೇಪರ್ ಹಾಕಿ. ಹೊಳಪಿನ ಬಣ್ಣದ ಕಾಗದ ಬೇಡ. ಅದರ ಮೇಲೆ ಒಣಹುಲ್ಲು ದಪ್ಪವಾಗಿ ಹರಡಿ. ಟ್ರೇಯ ಒಂದು ತುದಿಯಲ್ಲಿ ತಿನ್ನುವ ಹುಲ್ಲನ್ನು ದೊಡ್ಡ ಕಟ್ಟಾಗಿ ಇಡಿ. ಇದೇ ಗುಟ್ಟು. ಮೊಲ ಹುಲ್ಲು ಮೇಯುತ್ತಾ ಮೇಯುತ್ತಾ ಹಿಕ್ಕೆ ಹಾಕುತ್ತದೆ. ಹುಲ್ಲು ಅಡುಗೆಮನೆ ಹತ್ತಿರ, ಟ್ರೇ ಬಚ್ಚಲ ಹತ್ತಿರ ಇದ್ದರೆ ಪಾಪ ಅದಾದರೂ ಏನು ಮಾಡೀತು?

ಈಗ ನೆಲದಲ್ಲಿ ಬಿದ್ದಿರುವ ಹಿಕ್ಕೆ ಗುಡಿಸಿ ಟ್ರೇಗೆ ಹಾಕಿ. ಉಚ್ಚೆಯನ್ನು ಒಂದು ಕಾಗದದಲ್ಲಿ ಹೀರಿಸಿ ಅದನ್ನೂ ಅಲ್ಲೇ ಇಡಿ. ಟ್ರೇ ತೊಳೆಯುವಾಗಲೂ ಮೊದಲ ಎರಡು ವಾರ ಸ್ವಲ್ಪ ಹಳೇ ಹುಲ್ಲು ಉಳಿಸಿ. ಪೂರ್ತಿ ವಾಸನೆ ಹೋದರೆ ಅದಕ್ಕೆ ತನ್ನ ಜಾಗ ಗೊತ್ತಾಗುವುದಿಲ್ಲ. ಹಾಗೆಂದು ಮೂಗಿಗೆ ಹೊಡೆಯುವಷ್ಟು ಬಿಡಲೂಬಾರದು. ಉಚ್ಚೆಯ ಅಮೋನಿಯಾ ಮೊಲದ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು.

ಹೊಡೆದ ವಿಷಯ. ಮೊಲಕ್ಕೆ ಶಿಕ್ಷೆ ಅರ್ಥವಾಗುವುದಿಲ್ಲ. ತನ್ನನ್ನು ಹಿಡಿಯಲು ಬಂದ ಪ್ರಾಣಿ ಎಂದಷ್ಟೇ ತಿಳಿಯುತ್ತದೆ. ಆದರೆ ಮತ್ತೆ ನಂಬುತ್ತದೆ. ದಿನಾ ಸಂಜೆ ಬೇಲಿಯೊಳಗೆ ನೆಲದ ಮೇಲೆ ಸುಮ್ನೆ ಕೂತುಕೊಳ್ಳಿ. ಎತ್ತಬೇಡಿ, ಕರೆಯಲೂ ಬೇಡಿ. ಅದಾಗಿಯೇ ಬಂದು ಮೂಸುವವರೆಗೆ ಕಾಯಿರಿ.

ಹೊಸನಗರ ಹುಡುಗ · ಜುಲೈ 7, ಬೆಳಿಗ್ಗೆ 7:30

ತೋಟದಮನೆ ಅಣ್ಣ ಹೇಳಿದ್ದೆಲ್ಲಾ ಸರಿ. ಆದರೆ ಪೇಪರ್ ಬೇಗ ಒದ್ದೆಯಾಗುತ್ತದೆ, ಅಲ್ವಾ? ನಮ್ಮ ಕೊಟ್ಟಿಗೆಗೆ ಕಾಡಿನಿಂದ ದರಕು, ಅಂದರೆ ಉದುರಿದ ಒಣ ಎಲೆ, ತಂದು ಹಾಸುತ್ತೇವೆ. ಬೇಸಿಗೆಯಲ್ಲಿ ಗುಡಿಸಿ ಮೂಟೆ ಕಟ್ಟಿಟ್ಟದ್ದು ಇನ್ನೂ ಇದೆ. ಮೊಲಕ್ಕೂ ಅದನ್ನೇ ಹಾಕಬಹುದಲ್ಲ? ಇಲ್ಲದಿದ್ದರೆ ಭತ್ತದ ಉಮಿ. ಗಿರಣಿಯಲ್ಲಿ ಸಿಗುತ್ತದೆ.

ಕೊಪ್ಪದ ಮೇಷ್ಟ್ರು · ಜುಲೈ 7, ಬೆಳಿಗ್ಗೆ 8:10

ತಮ್ಮಾ, ಕಾಡಿನ ದರಕನ್ನು ಮನೆಯೊಳಗೆ ತರಬೇಡ. ಅದರಲ್ಲಿ ಉಣ್ಣೆ, ಅಂದರೆ ರಕ್ತ ಹೀರುವ ಹುಳ, ಇರುತ್ತದೆ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಿಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ. 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣ್ಣೆ ಕಚ್ಚಿ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಅದರ ಕಾಟ ಜಾಸ್ತಿ. ನೀನು ದರಕು ಗುಡಿಸಿದ್ದೂ ಅದೇ ಕಾಲದಲ್ಲಿ. ಮಕ್ಕಳು ಎತ್ತಿ ಆಡುವ ಪ್ರಾಣಿಯ ಹಾಸಿಗೆಗೆ ಅದು ಬೇಡವೇ ಬೇಡ.

ಇದೇ ಮಾತಿಗೆ ಇನ್ನೊಂದು. ಮೊಲದ ಮೈಯಲ್ಲಿ ಉಣ್ಣೆಯೋ ಚಿಗಟವೋ ಕಂಡರೆ ನಾಯಿಗೆ ಹಾಕುವ ಔಷಧಿ ಹಾಕಬೇಡಿ. ಫಿಪ್ರೊನಿಲ್ ಇರುವ ಸ್ಪ್ರೇ ಮೊಲಕ್ಕೆ ವಿಷ.

ಸಾಗರದಿಂದ · ಜುಲೈ 7, ಬೆಳಿಗ್ಗೆ 8:45

ಉಮಿಯೂ ಬೇಡ. ನಾನು ಒಂದು ತಿಂಗಳು ಹಾಕಿ ನೋಡಿದ್ದೇನೆ. ತುದಿ ಚೂಪು, ಧೂಳು ಬೇರೆ. ನಮ್ಮ ಮೊಲ ಸೀನಲು ಶುರು ಮಾಡಿತು, ಕಣ್ಣಲ್ಲಿ ನೀರು. ತೆಗೆದ ವಾರದಲ್ಲಿ ಸರಿಹೋಯಿತು. ಸಾ ಮಿಲ್ಲಿನ ನುಣ್ಣನೆ ಹೊಟ್ಟಿನದೂ ಅದೇ ಕತೆ. ಯಾವ ಮರದ್ದು ಎಂದೂ ಗೊತ್ತಾಗುವುದಿಲ್ಲ. ಪೈನ್, ದೇವದಾರು ಜಾತಿಯ ಹಸಿ ಹೊಟ್ಟಿನ ಘಾಟು ಮೊಲದ ಲಿವರ್‌ಗೆ ಒಳ್ಳೆಯದಲ್ಲ. ಬೆಕ್ಕಿಗೆ ಮಾರುವ, ಒದ್ದೆಯಾದರೆ ಗಟ್ಟಿಯಾಗುವ ಮಣ್ಣಿನ ಪುಡಿಯಂತೂ ಖಂಡಿತ ಬೇಡ. ಮೊಲ ಅದನ್ನು ತಿಂದರೆ ಹೊಟ್ಟೆಯೊಳಗೆ ಕಟ್ಟಿಕೊಳ್ಳುತ್ತದೆ.

ಪೇಪರ್ ಒದ್ದೆಯಾಗುವುದು ನಿಜ. ದಿನಾ ಬದಲಿಸಬೇಕು, ಬೇರೆ ದಾರಿ ಇಲ್ಲ. ಕೈಯಲ್ಲಿ ದುಡ್ಡಿದ್ದರೆ ಕಾಗದದ ಗುಳಿಗೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಚೆನ್ನಾಗಿ ಹೀರುತ್ತದೆ.

ದುರ್ಗಿಗುಡಿಯ ಅಮ್ಮ · ಜುಲೈ 7, ಮಧ್ಯಾಹ್ನ 2:20

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಬೆಳಿಗ್ಗೆಯೇ ದಿವಾನ ಸರಿಸಿ, ಹಳೇ ಬಾಗಿಲ ಹಲಗೆ ಅಡ್ಡ ಇಟ್ಟು ಜಾಗ ಮಾಡಿದೆವು. ಟ್ರೇ ಬದಲು ತರಕಾರಿ ಇಡುತ್ತಿದ್ದ ಅಗಲದ ಟಬ್, ಒಂದು ಬದಿ ಕತ್ತರಿಸಿ ಅಂಚಿಗೆ ಬಟ್ಟೆ ಹೊಲಿದೆ. ಒಣಹುಲ್ಲು ಸಿಗುತ್ತಿಲ್ಲ. ಪರಿಚಯದವರ ಗೊಣಬೆಯಿಂದ (ಹುಲ್ಲಿನ ಬಣವೆ) ಭತ್ತದ ಹುಲ್ಲು ತಂದಿದ್ದೇನೆ, ಅದು ಆಗುತ್ತದಾ?

ತೀರ್ಥಹಳ್ಳಿ ತೋಟದಮನೆ · ಜುಲೈ 7, ಸಂಜೆ 6:50

ಹಾಸಲು ಆಗುತ್ತದೆ, ಹೊಟ್ಟೆಗೆ ಸಾಲದು. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ತಿನ್ನಲು ಗರಿಕೆ, ಗಿನಿ ಹುಲ್ಲು, ನೇಪಿಯರ್ ಎಳೆಯದ್ದು, ಬಿದಿರಿನ ಎಲೆ ಇವೆಲ್ಲಾ ಕೊಡಬಹುದು. ಮೊಲದ ಆಹಾರದಲ್ಲಿ ಹೆಚ್ಚಿನ ಪಾಲು ಹುಲ್ಲೇ ಇರಬೇಕು. ಹಲ್ಲು ಸವೆಯುವುದೂ ಅದರಿಂದಲೇ, ಹೊಟ್ಟೆ ನಡೆಯುವುದೂ ಅದರಿಂದಲೇ. ಮೊಲದ ಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದೆ. ಕ್ಯಾರೆಟ್ ಸಿಹಿ ತಿಂಡಿ ಇದ್ದ ಹಾಗೆ, ದಿನಕ್ಕೆ ಬೆರಳಿನ ಉಗುರಿನಷ್ಟು ಸಾಕು. ಹುಲ್ಲಿನ ಅಭ್ಯಾಸ ನಿಧಾನಕ್ಕೆ ಮಾಡಿಸಿ. ಒಂದೇ ದಿನ ಬದಲಿಸಿದರೆ ಬೇಧಿಯಾಗುತ್ತದೆ.

ಎರಡು ಎಚ್ಚರಿಕೆ. ಗೊಣಬೆಯ ಹುಲ್ಲನ್ನು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ, ಬೂಷ್ಟು ಕಂಡರೆ ಹಾಸಲೂ ಬೇಡ. ನಮ್ಮ ಕಡೆ ಮಳೆ ಗೊತ್ತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಈ ತೇವದಲ್ಲಿ ನಾಲ್ಕು ದಿನಕ್ಕೆ ಹುಲ್ಲು ಕೆಡುತ್ತದೆ. ನಾವು ಬೇಸಿಗೆಯಲ್ಲೇ ಹುಲ್ಲು ಒಣಗಿಸಿ ಬಚ್ಚಲಮನೆ ಅಟ್ಟದ ಮೇಲೆ ಇಟ್ಟುಬಿಡುತ್ತೇವೆ, ಕೆಳಗೆ ಹಂಡೆ ಒಲೆ ಉರಿಯುತ್ತಿರುತ್ತದೆ.

ಎರಡನೆಯದು ಯಾರೂ ಹೇಳುವುದಿಲ್ಲ. ಅಡಿಕೆ ತೋಟದ ಹುಲ್ಲನ್ನು ಈಗ ಕೊಯ್ದು ಕೊಡಬೇಡಿ. ಇದು ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಅಡಿಕೆ ಗೊನೆಗೆ ಹೊಡೆದದ್ದೆಲ್ಲಾ ಕೆಳಗಿನ ಹುಲ್ಲಿಗೆ ಇಳಿಯುತ್ತದೆ. ತಾಮ್ರ ಮೊಲದ ಹೊಟ್ಟೆಗೆ ಹೋಗಬಾರದು. ಹುಲ್ಲು ತಂದುಕೊಡುವವರನ್ನು ಎಲ್ಲಿಂದ ತಂದಿರಿ ಎಂದು ಕೇಳಿ. ಕೆಸುವಿನ ಎಲೆ, ಕಣಗಿಲೆ ಹತ್ತಿರವೂ ಬಿಡಬೇಡಿ.

ಪಂಜರದ ತಂತಿ ಮೇಲೆ ಒಂದು ಹಲಗೆ ಹಾಕಿ. ಮೊಲದ ಅಂಗಾಲಿಗೆ ನಾಯಿ ಬೆಕ್ಕಿನ ಹಾಗೆ ಮೆತ್ತೆ ಇರುವುದಿಲ್ಲ, ಕೂದಲು ಮಾತ್ರ. ತಂತಿಯ ಮೇಲೆ ನಿಂತು ನಿಂತು ಹುಣ್ಣಾಗುತ್ತದೆ.

ಪಶುವೈದ್ಯಕೀಯ ವಿದ್ಯಾರ್ಥಿನಿ · ಜುಲೈ 8, ರಾತ್ರಿ 9:00

ನಾನು ಓದುತ್ತಿರುವುದು ಪಶುವೈದ್ಯಕೀಯ. ಕೆಲವು ವಿಷಯ ಸೇರಿಸುತ್ತೇನೆ.

ಆಂಟಿ, ಫಿನೈಲ್ ನಿಲ್ಲಿಸಿ. ಮೊಲ ತನ್ನ ಕಾಲನ್ನು ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತದೆ, ನೆಲದಲ್ಲಿರುವುದು ಹೊಟ್ಟೆಗೆ ಹೋಗುತ್ತದೆ. ಬಿಳಿ ಕಲೆ ಕ್ಯಾಲ್ಸಿಯಂ. ಮೊಲ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಉಚ್ಚೆಯಲ್ಲಿ ಹೊರಹಾಕುತ್ತದೆ. ಟಬ್ಬನ್ನು ಬಿಳಿ ವಿನೆಗರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಕಲೆ ಬಿಡುತ್ತದೆ. ಕಾವಿ ನೆಲಕ್ಕೆ ವಿನೆಗರ್ ಜಾಸ್ತಿ ಹೊತ್ತು ಬಿಡಬೇಡಿ, ಹೊಳಪು ಹೋಗುತ್ತದೆ. ವಿನೆಗರ್ ನೀರಿನ ಬಟ್ಟೆಯಲ್ಲಿ ಒರೆಸಿ ತಕ್ಷಣ ಬರೀ ನೀರಲ್ಲಿ ಒರೆಸಿ.

ಬೆಳಗಿನ ಹೊತ್ತು ಅದು ತನ್ನ ಹಿಂಭಾಗಕ್ಕೆ ಬಾಯಿ ಹಾಕಿ ಏನೋ ತಿನ್ನುವುದು ಕಂಡರೆ ಗಾಬರಿ ಬೇಡ. ಮೊಲಕ್ಕೆ ಎರಡು ಥರದ ಹಿಕ್ಕೆ. ಒಂದು ಒಣ ಗುಂಡು. ಇನ್ನೊಂದು ಮೆತ್ತನೆಯದು, ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡಿರುತ್ತದೆ. ಅದರಲ್ಲಿ ವಿಟಮಿನ್, ಪ್ರೋಟೀನ್ ಇದೆ. ಅದನ್ನು ಅದು ತಿನ್ನಲೇಬೇಕು, ಬೈಯಬೇಡಿ.

ಮುಖ್ಯವಾದದ್ದು ವಯಸ್ಸು. ಮೂರೂವರೆ, ನಾಲ್ಕು ತಿಂಗಳಿಗೆ ಹಾರ್ಮೋನ್ ಶುರುವಾಗುತ್ತದೆ. ಆಗ ಕಲಿತದ್ದೆಲ್ಲಾ ಮರೆತ ಹಾಗೆ ಗೋಡೆಗೆ, ಹಾಸಿಗೆಗೆ ಚಿಮ್ಮಿಸಬಹುದು. ಸಂತಾನಹರಣ ಆಪರೇಷನ್ ಮಾಡಿಸಿದರೆ ಹೆಚ್ಚಿನವು ಕೆಲವು ವಾರದಲ್ಲಿ ಸರಿಹೋಗುತ್ತವೆ. ಗಂಡಿಗೆ ನಾಲ್ಕೈದು ತಿಂಗಳಿಗೆ, ಹೆಣ್ಣಿಗೆ ಆರು ತಿಂಗಳ ಸುಮಾರಿಗೆ. ಹೆಣ್ಣಿಗೆ ಇನ್ನೊಂದು ಲಾಭವಿದೆ. ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾದ ಮೇಲೆ ಗರ್ಭಕೋಶದ ಕ್ಯಾನ್ಸರ್ ತುಂಬಾ ಕಾಣಿಸುತ್ತದೆ. ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಮ್ಮೆ ತಂದು ತೋರಿಸಿ, ಗಂಡೋ ಹೆಣ್ಣೋ ಅದೂ ತಿಳಿಯುತ್ತದೆ. ಎಲ್ಲಿ ಮಾಡಿಸಿದರೂ ಮೊಲಕ್ಕೆ ಅರಿವಳಿಕೆ ಕೊಟ್ಟು ಅನುಭವ ಇದೆಯಾ ಎಂದು ಮೊದಲು ಕೇಳಿ. ಹಿಂದಿನ ರಾತ್ರಿ ಉಪವಾಸ ಇಡಿ ಎಂದರೆ ಇನ್ನೊಮ್ಮೆ ವಿಚಾರಿಸಿ. ಮೊಲ ವಾಂತಿ ಮಾಡುವುದಿಲ್ಲ, ಅದನ್ನು ಹಸಿವಿನಲ್ಲಿ ಇಡಬಾರದು.

ಹೊಸನಗರ ಹುಡುಗ · ಜುಲೈ 8, ರಾತ್ರಿ 9:25

ಹಾಗಾದರೆ ಆಪರೇಷನ್ ಆಗುವವರೆಗೆ ಕಲಿಸಿ ಪ್ರಯೋಜನವಿಲ್ಲ ಅಲ್ವಾ? ಅಲ್ಲಿಯವರೆಗೆ ಪಂಜರದಲ್ಲೇ ಇಡುವುದು ಒಳ್ಳೆಯದಲ್ಲವಾ?

ಸಾಗರದಿಂದ · ಜುಲೈ 8, ರಾತ್ರಿ 9:40

ನಾನು ಒಪ್ಪುವುದಿಲ್ಲ. ನಮ್ಮ ಎರಡರಲ್ಲಿ ಒಂದಕ್ಕೆ ಆಪರೇಷನ್ ಆಗಿಲ್ಲ, ಆದರೂ ಉಚ್ಚೆ ಟ್ರೇಯಲ್ಲೇ. ಹಿಕ್ಕೆ ಮಾತ್ರ ಅಲ್ಲಲ್ಲಿ ನಾಲ್ಕು ಬೀಳುತ್ತದೆ. ಈಗ ಅಭ್ಯಾಸವಾದರೆ ನಾಲ್ಕನೇ ತಿಂಗಳಲ್ಲಿ ಕೆಟ್ಟರೂ ಬೇಗ ಹಾದಿಗೆ ಬರುತ್ತದೆ. ಮರಿ ದೊಡ್ಡ ಮೊಲಕ್ಕಿಂತ ನಿಧಾನ ಕಲಿಯುತ್ತದೆ, ಅದಂತೂ ನಿಜ. ನಮ್ಮ ಈಗಿನ ಗಂಡು ದೊಡ್ಡದಾದ ಮೇಲೆ ಬಂದದ್ದು, ನಾಲ್ಕೇ ದಿನದಲ್ಲಿ ಕಲಿಯಿತು.

ಎರಡು ತರುವವರಿಗೂ ಹೇಳುತ್ತೇನೆ. ಎರಡೂ ಹೆಣ್ಣು ಎಂದು ಕೊಟ್ಟಿದ್ದರು ನಮಗೆ. ನಾಲ್ಕೂವರೆ ತಿಂಗಳಿಗೆ ಆರು ಮರಿ! ಬಸಿರು ಬರೀ ಒಂದು ತಿಂಗಳು, ಗೊತ್ತೇ ಆಗಲಿಲ್ಲ. ಆಮೇಲೆ ಆ ಗಂಡು ಮೊಲವನ್ನು ಬೇರೆಯವರಿಗೆ ಕೊಟ್ಟೆವು. ಮೂರು ತಿಂಗಳು ತುಂಬುವ ಮೊದಲೇ ನೋಡಿಸಿ ಬೇರೆ ಮಾಡಿ.

ದುರ್ಗಿಗುಡಿಯ ಅಮ್ಮ · ಜುಲೈ 11, ಬೆಳಿಗ್ಗೆ 6:35

ತುರ್ತು! ಇವತ್ತು ಟಬ್ಬಿನ ಪೇಪರ್ ಕೆಂಪಾಗಿದೆ. ಇಟ್ಟಿಗೆ ಬಣ್ಣ. ರಕ್ತವಾ? ಮಗಳು ಅಳುತ್ತಿದ್ದಾಳೆ.

ಪಶುವೈದ್ಯಕೀಯ ವಿದ್ಯಾರ್ಥಿನಿ · ಜುಲೈ 11, ಬೆಳಿಗ್ಗೆ 6:50

ಆಂಟಿ, ಚೆನ್ನಾಗಿ ತಿನ್ನುತ್ತಿದೆಯಾ? ಓಡಾಡುತ್ತಿದೆಯಾ? ತಿಣುಕಿ ತಿಣುಕಿ ಹನಿ ಹನಿಯಾಗಿ ಉಚ್ಚೆ ಮಾಡುತ್ತಿದೆಯಾ? ನಿನ್ನೆ ಯಾವ ಸೊಪ್ಪು ಕೊಟ್ಟಿರಿ?

ದುರ್ಗಿಗುಡಿಯ ಅಮ್ಮ · ಜುಲೈ 11, ಬೆಳಿಗ್ಗೆ 6:54

ತಿನ್ನುತ್ತಿದೆ, ಕುಣಿಯುತ್ತಿದೆ. ನಿನ್ನೆ ಕೆಂಪು ಹರಿವೆ ಕೊಟ್ಟೆವು, ಒಂದು ಹಿಡಿ.

ಪಶುವೈದ್ಯಕೀಯ ವಿದ್ಯಾರ್ಥಿನಿ · ಜುಲೈ 11, ಬೆಳಿಗ್ಗೆ 7:02

ಹಾಗಾದರೆ ಸೊಪ್ಪಿನ ಬಣ್ಣವೇ ಇರಬೇಕು. ಮೊಲದ ಉಚ್ಚೆ ಹಳದಿ, ಕಿತ್ತಳೆ, ಕೆಂಪು ಎಲ್ಲಾ ಆಗುತ್ತದೆ, ತಿಂದದ್ದರ ಮೇಲೆ. ಪೂರ್ತಿ ಒಂದೇ ಬಣ್ಣವಿದ್ದರೆ ಹೆಚ್ಚಾಗಿ ಸೊಪ್ಪಿನದು. ಮಾಮೂಲಿ ಬಣ್ಣದ ನಡುವೆ ಕೆಂಪು ಎಳೆ, ಗಡ್ಡೆ ಕಂಡರೆ ರಕ್ತ. ಹರಿವೆ ನಿಲ್ಲಿಸಿ ಎರಡು ದಿನ ನೋಡಿ. ಬಣ್ಣ ಹೋಗದಿದ್ದರೆ, ಅಥವಾ ತಿಣುಕುವುದು ಕಂಡರೆ ಕಾಯದೆ ಡಾಕ್ಟರ ಹತ್ತಿರ ಬನ್ನಿ.

ಒಂದು ಮಾತು ನೆನಪಿಟ್ಟುಕೊಳ್ಳಿ. ಅರ್ಧ ದಿನ ಮೊಲ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಅದು ತುರ್ತು. ನಾಳೆ ನೋಡೋಣ ಎನ್ನಬಾರದು. ಟಬ್ಬಿನ ಹಿಕ್ಕೆಯನ್ನು ದಿನಾ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಸಣ್ಣಗಾದರೆ, ಕಡಿಮೆಯಾದರೆ ಕಾಯಿಲೆ ನಮಗೆ ಮೊದಲು ಗೊತ್ತಾಗುವುದು ಅಲ್ಲೇ.

ದುರ್ಗಿಗುಡಿಯ ಅಮ್ಮ · ಜುಲೈ 13, ರಾತ್ರಿ 8:30

ಬಣ್ಣ ಹೋಯಿತು! ಈಗ ಮಾಮೂಲಿ ಹಳದಿ. ನಿಮಗೆ ಕೈಮುಗಿಯುತ್ತೇನೆ ಮಗಳೇ.

ಮೂರು ದಿನದಿಂದ ಲೆಕ್ಕ ಇಟ್ಟಿದ್ದೇವೆ. ಮೊದಲ ದಿನ ಟಬ್ಬಿನ ಹೊರಗೆ ಐದು ಸಲ ಉಚ್ಚೆ. ನಿನ್ನೆ ಎರಡು. ಇವತ್ತು ಒಂದೂ ಇಲ್ಲ. ಹುಲ್ಲಿನ ಕಟ್ಟು ಟಬ್ಬಿನೊಳಗೆ ಇಟ್ಟದ್ದೇ ಕೆಲಸ ಮಾಡಿತು. ಅರ್ಧ ಗಂಟೆ ಅಲ್ಲೇ ಕೂತು ಮೇಯುತ್ತದೆ.

ಸಂಜೆ ನೆಲದ ಮೇಲೆ ಕೂತುಕೊಳ್ಳುತ್ತಿದ್ದೇನೆ. ನಾಲ್ಕು ದಿನ ಹತ್ತಿರ ಬರಲಿಲ್ಲ. ಇವತ್ತು ಬಂದು ಸೀರೆ ಸೆರಗು ಮೂಸಿ, ಗಲ್ಲ ಉಜ್ಜಿ ಹೋಯಿತು.

ಕೊಪ್ಪದ ಮೇಷ್ಟ್ರು · ಜುಲೈ 13, ರಾತ್ರಿ 9:10

ಗಲ್ಲ ಉಜ್ಜಿತು ಎಂದರೆ ತನ್ನ ವಾಸನೆ ಹಚ್ಚಿ ಇದು ನನ್ನದು ಎಂದಿದೆ ಅಮ್ಮ. ಗಲ್ಲದ ಕೆಳಗೆ ಅದಕ್ಕೆ ವಾಸನೆಯ ಗ್ರಂಥಿ ಇದೆ. ಓದಿ ನನಗೇ ಕಣ್ಣು ತುಂಬಿತು.

ತೀರ್ಥಹಳ್ಳಿ ತೋಟದಮನೆ · ಜುಲೈ 14, ಬೆಳಿಗ್ಗೆ 7:00

ಬಹಳ ಸಂತೋಷ. ಆದರೆ ಬೇಲಿ ಇವತ್ತೇ ತೆಗೆಯಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಒಂದು ವಾರ ಪೂರ್ತಿ ಹೊರಗೆ ಬೀಳದಿದ್ದರೆ ನಡುಮನೆ ಅರ್ಧ ಬಿಡಿ. ಇನ್ನೊಂದು ವಾರ ನೋಡಿ ಉಳಿದರ್ಧ. ತಪ್ಪಿದರೆ ಮತ್ತೆ ಒಂದು ಹೆಜ್ಜೆ ಹಿಂದಕ್ಕೆ. ಮೆತ್ತನೆ ಹಾಸಿಗೆ, ಕಂಬಳಿ ಸದ್ಯಕ್ಕೆ ಅದರ ಹತ್ತಿರ ಬೇಡ. ಮೆತ್ತಗಿದ್ದರೆ ಅದಕ್ಕೆ ಟ್ರೇ ಅಂತಲೇ ಅನಿಸುತ್ತದೆ.

ದಿನಕ್ಕೆ ಇನ್ನೂರು ಮುನ್ನೂರು ಹಿಕ್ಕೆ ಹಾಕುವ ಪ್ರಾಣಿ. ಹತ್ತು ಹೊರಗೆ ಬಿದ್ದರೆ ಬೇಸರ ಬೇಡ, ಒಣಗಿದ್ದು, ಗುಡಿಸಿದರೆ ಆಯಿತು. ಅದನ್ನು ಎಸೆಯಬೇಡಿ. ಕೊಳೆಯಿಸದೆ ನೇರ ಗಿಡಕ್ಕೆ ಹಾಕಬಹುದಾದ ಗೊಬ್ಬರ. ನಮ್ಮ ಕಾಳುಮೆಣಸಿನ ಬಳ್ಳಿಗೆ ಅದೇ.

ದುರ್ಗಿಗುಡಿಯ ಅಮ್ಮ · ಆಗಸ್ಟ್ 9, ಸಂಜೆ 7:15

ತಡವಾಗಿ ಬರೆಯುತ್ತಿದ್ದೇನೆ. ವಿನೋಬನಗರಕ್ಕೆ ಹೋಗಿ ತೋರಿಸಿದೆವು. ಬತ್ತಾಸು ಗಂಡು! ಇನ್ನೊಂದೆರಡು ತಿಂಗಳಲ್ಲಿ ಆಪರೇಷನ್ ಮಾಡಿಸುತ್ತೇವೆ. ಈಗ ನಡುಮನೆ ಪೂರ್ತಿ ಬಿಟ್ಟಿದ್ದೇವೆ. ಹೋದ ವಾರ ಒಂದು ಸಲ ದೇವರ ಕೋಣೆ ಬಾಗಿಲಲ್ಲಿ ತಪ್ಪಿತು. ನಾನು ಹೆದರಿ ಅತ್ತೆಯ ಮುಖ ನೋಡಿದೆ. ಅವರು ಏನೂ ಅನ್ನಲಿಲ್ಲ, ಬಟ್ಟೆ ತಂದು ಅವರೇ ಒರೆಸಿದರು. ಹಿಕ್ಕೆ ಗೊಬ್ಬರ ಹಾಕಿದ ಮೇಲೆ ಅವರ ಮಲ್ಲಿಗೆ ಬಳ್ಳಿ ಚಿಗುರಿದೆ. ಬೆಳಿಗ್ಗೆ ಪೂಜೆಗೆ ಗರಿಕೆ ಕೀಳುವಾಗ ಒಂದು ಹಿಡಿ ಜಾಸ್ತಿ ಕಿತ್ತು ತರುತ್ತಾರೆ.

ಒಂದೇ ಪ್ರಶ್ನೆ ಉಳಿದಿದೆ. ಗೌರಿ ಗಣೇಶ ಹಬ್ಬಕ್ಕೆ ನೆಂಟರು ಬರುತ್ತಾರೆ, ಹದಿನೈದು ಜನ. ಗಣಪತಿ ಕೂರಿಸುವುದು ನಡುಮನೆಯಲ್ಲೇ. ಟಬ್ಬನ್ನು ಆ ಎರಡು ದಿನ ಮಹಡಿಗೆ ಸಾಗಿಸಿದರೆ ಕಲಿತದ್ದು ಕೆಡುತ್ತದಾ?

ತೀರ್ಥಹಳ್ಳಿ ತೋಟದಮನೆ · ಆಗಸ್ಟ್ 9, ರಾತ್ರಿ 8:40

ಒಂದೇ ಸಲ ಸಾಗಿಸಿದರೆ ಕೆಡಬಹುದು. ಇನ್ನೂ ದಿನ ಇದೆಯಲ್ಲ, ಇವತ್ತಿನಿಂದಲೇ ಮಹಡಿ ಕೋಣೆಯಲ್ಲಿ ಇನ್ನೊಂದು ಟಬ್ ಇಡಿ, ಅದೇ ಥರ ಹುಲ್ಲು, ಇಲ್ಲಿಯ ಒಂದು ಹಿಡಿ ಹಿಕ್ಕೆ. ದಿನಾ ಒಂದು ಗಂಟೆ ಮಗಳ ಜೊತೆ ಅಲ್ಲಿ ಬಿಡಿ. ಹಬ್ಬದ ಹೊತ್ತಿಗೆ ಅದೂ ಅದರ ಮನೆಯಾಗಿರುತ್ತದೆ. ಪಟಾಕಿ, ಡೊಳ್ಳಿನ ಸದ್ದಿಗೆ ಮೊಲ ತುಂಬಾ ಹೆದರುತ್ತದೆ. ಕಿಟಕಿ ಮುಚ್ಚಿ, ಮೂಲೆಯಲ್ಲಿ ಅಡಗಲು ಒಂದು ರಟ್ಟಿನ ಪೆಟ್ಟಿಗೆ ಇಡಿ. ನೆಂಟರ ಮಕ್ಕಳಿಗೆ ಬೀಗದ ಕೈ ಕೊಡಬೇಡಿ.

ದುರ್ಗಿಗುಡಿಯ ಅಮ್ಮ · ಆಗಸ್ಟ್ 9, ರಾತ್ರಿ 8:52

ಸರಿ ಅಣ್ಣ. ಎರಡನೇ ಟಬ್ ಮಗಳು ಆಗಲೇ ಹೊತ್ತುಕೊಂಡು ಮೇಲೆ ಹೋದಳು.